ಗ್ಯಾಲಕ್ಟೋಸೀಮಿಯ ರಕ್ತಪರೀಕ್ಷೆ: ಮಾದರಿ ದಾವಣಗೆರೆಯಿಂದ ಬೆಂಗಳೂರಿಗೆ ಕೆಡದೆ ಮುಟ್ಟಬೇಕಾದರೆ

ಹುಟ್ಟಿದಾಗ ಮೂರು ಕೆಜಿ ತೂಗಿ, ಚೆನ್ನಾಗಿಯೇ ಅತ್ತ ಕೂಸು ನಾಲ್ಕೈದನೇ ದಿನಕ್ಕೆ ಹಾಲು ಕಕ್ಕಲು ಶುರುಮಾಡುತ್ತದೆ. ಕಾಮಾಲೆ ಏರುತ್ತದೆ, ನೀಲಿ ದೀಪದ ಕೆಳಗಿಟ್ಟರೂ ಪೂರ್ತಿ ಇಳಿಯುವುದಿಲ್ಲ. ಹೊಟ್ಟೆ ಮುಟ್ಟಿ ನೋಡಿದರೆ ಪಕ್ಕೆಲುಬಿನ ಕೆಳಗೆ ಯಕೃತ್ತು ಎರಡು ಮೂರು ಬೆರಳು ಸಿಗುತ್ತದೆ. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ. ಇಷ್ಟು ಒಟ್ಟಿಗೆ ಕಂಡರೆ ಸೋಂಕು ಎಂದು ಆ್ಯಂಟಿಬಯೋಟಿಕ್ ಶುರುಮಾಡುವುದು ಸರಿಯೇ. ಗ್ಯಾಲಕ್ಟೋಸೀಮಿಯ, ಅಂದರೆ ಹಾಲಿನ ಸಕ್ಕರೆಯ ಒಂದು ಭಾಗವನ್ನು ಅರಗಿಸಲಾಗದ ಹುಟ್ಟು ಕಾಯಿಲೆ, ಇರುವ ಕೂಸುಗಳಿಗೆ ಇ. ಕೋಲೈ ಬ್ಯಾಕ್ಟೀರಿಯದ ಸೋಂಕು ನಿಜವಾಗಿಯೂ ಬೇಗ ತಗಲುತ್ತದೆ. ಆದರೆ ಸೋಂಕು ಪತ್ತೆಗೆ ಬ್ಲಡ್ ಕಲ್ಚರ್ ಕಳಿಸುವ ಹೊತ್ತಿಗೇ ಗ್ಯಾಲಕ್ಟೋಸೀಮಿಯಕ್ಕೂ ಒಂದು ಟ್ಯೂಬ್ ತೆಗೆದಿಡಬೇಕು. ಮರುದಿನ ನೋಡೋಣ ಎಂದುಕೊಂಡರೆ ಅಷ್ಟರಲ್ಲಿ ರಕ್ತ ಕೊಟ್ಟಿರುತ್ತಾರೆ, ಅಲ್ಲಿಗೆ ಪರೀಕ್ಷೆಯ ಕಥೆ ಮುಗಿದಂತೆ.

ದಾವಣಗೆರೆ, ಚಿತ್ರದುರ್ಗ ಕಡೆಯ ನರ್ಸಿಂಗ್ ಹೋಂ, ತಾಲ್ಲೂಕು ಆಸ್ಪತ್ರೆ, ಮಾದರಿ ಸಂಗ್ರಹಿಸುವ ಲ್ಯಾಬುಗಳ ಸಿಬ್ಬಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಈ ಕಾಯಿಲೆಯಲ್ಲಿ ಇಲ್ಲವಾಗುವ ಕಿಣ್ವವನ್ನು ಅಳೆಯುವ ಪರೀಕ್ಷೆ ಸಾಮಾನ್ಯ ಲ್ಯಾಬುಗಳಲ್ಲಿ ಇರುವುದಿಲ್ಲ. ಮಾದರಿ ಬಹುಪಾಲು ಬೆಂಗಳೂರಿಗೋ ಅದರಾಚೆಗೋ ಹೋಗಬೇಕು. ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ ಸುಮಾರು 200. ಜಗಳೂರು, ಮೊಳಕಾಲ್ಮುರು, ಹೊಸದುರ್ಗದ ಕಡೆಯಿಂದಾದರೆ ಅದಕ್ಕೂ ಮೊದಲು ಇನ್ನೊಂದು ದಾರಿ. ತಪ್ಪು ವರದಿಗಳು ಹೆಚ್ಚಾಗಿ ಹುಟ್ಟುವುದು ಆ ದಾರಿಯಲ್ಲೇ. ಬೆಂಗಳೂರಿನ ಯಂತ್ರವನ್ನು ಅನುಮಾನಿಸುವ ಮೊದಲು ನಮ್ಮ ಥರ್ಮಾಕೋಲ್ ಡಬ್ಬಿಯನ್ನು ಅನುಮಾನಿಸಬೇಕು.

ಅಳೆಯುವುದು ಏನನ್ನು?

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕರುಳಿನಲ್ಲಿ ಒಡೆದು ಅರ್ಧ ಗ್ಲೂಕೋಸ್, ಅರ್ಧ ಗ್ಯಾಲಕ್ಟೋಸ್ ಆಗುತ್ತದೆ. ಗ್ಯಾಲಕ್ಟೋಸನ್ನು ದೇಹ ಹಂತಹಂತವಾಗಿ ಗ್ಲೂಕೋಸಿನ ದಾರಿಗೆ ತರುತ್ತದೆ. ಮೊದಲು ಅದಕ್ಕೊಂದು ಫಾಸ್ಫೇಟ್ ಅಂಟಿ ಗ್ಯಾಲಕ್ಟೋಸ್-1-ಫಾಸ್ಫೇಟ್ ಆಗುತ್ತದೆ. ಅದನ್ನು ಮುಂದಕ್ಕೆ ದಾಟಿಸುವ ಕಿಣ್ವದ ಉದ್ದನೆಯ ಹೆಸರು ಗ್ಯಾಲಕ್ಟೋಸ್-1-ಫಾಸ್ಫೇಟ್ ಯೂರಿಡಿಲ್‌ಟ್ರಾನ್ಸ್‌ಫರೇಸ್. ಲ್ಯಾಬಿನವರೆಲ್ಲ ಗ್ಯಾಲ್ಟ್ ಅನ್ನುತ್ತಾರೆ, ಇಲ್ಲೂ ಹಾಗೇ ಕರೆಯೋಣ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಕೆಟ್ಟ ಜೀನ್ ಬಂದರೆ ಗ್ಯಾಲ್ಟ್ ಇಲ್ಲವಾಗಿ ಗ್ಯಾಲಕ್ಟೋಸ್-1-ಫಾಸ್ಫೇಟ್ ಯಕೃತ್ತು, ಮೂತ್ರಪಿಂಡ, ಮಿದುಳಿನಲ್ಲಿ ಕೂಡಿಕೊಳ್ಳುತ್ತದೆ. ಹೆಚ್ಚಾದ ಗ್ಯಾಲಕ್ಟೋಸ್ ಕಣ್ಣಿನ ಮಸೂರದಲ್ಲಿ ಗ್ಯಾಲಕ್ಟಿಟಾಲ್ ಆಗಿ ಪೊರೆ ಕಟ್ಟುತ್ತದೆ.

ಲೆಕ್ಕ ಹಾಕಿ ನೋಡಿ. ತಾಯಿಯ ಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 7 ಗ್ರಾಂ ಲ್ಯಾಕ್ಟೋಸ್. ಮೂರು ಕೆಜಿ ಕೂಸು ದಿನಕ್ಕೆ 450 ಮಿ.ಲೀ. ಕುಡಿದರೆ 15 ಗ್ರಾಂಗಿಂತ ಹೆಚ್ಚು ಗ್ಯಾಲಕ್ಟೋಸ್ ಒಳಗೆ ಹೋಯಿತು. ಕಾಯಿಲೆ ಇಷ್ಟು ಬೇಗ ಮೈಮೇಲೆ ಬರುವುದು ಅದಕ್ಕೇ.

ಈ ಕಿಣ್ವ ಕೆಂಪು ರಕ್ತಕಣದ ಒಳಗೂ ಇರುವುದು ನಮ್ಮ ಅನುಕೂಲ. ಯಕೃತ್ತಿನ ಚೂರು ತೆಗೆಯಬೇಕಿಲ್ಲ, ಎರಡು ಮಿ.ಲೀ. ರಕ್ತ ಸಾಕು. ಅನಾನುಕೂಲವೂ ಅದೇ: ಕೂಸಿಗೆ ಬೇರೆಯವರ ಕೆಂಪುಕಣ ಕೊಟ್ಟಿದ್ದರೆ ನಾವು ಅಳೆಯುವುದು ದಾನಿಯ ಕಿಣ್ವವನ್ನು.

ಮೊದಲ ಗಂಟೆಯ ಕೆಲಸ, ಇದೇ ಕ್ರಮದಲ್ಲಿ

ಮೊದಲು ರಕ್ತ ತೆಗೆಯಿರಿ, ಆಮೇಲೆ ಹಾಲು ನಿಲ್ಲಿಸಿ, ಆಮೇಲೆ ರಕ್ತ ಕೊಡಿ. ತೀವ್ರ ಕಾಮಾಲೆಗೆ ರಕ್ತ ಬದಲಾಯಿಸುವ ತೀರ್ಮಾನವಾಗಿದ್ದರಂತೂ ಮೊದಲ ಹನಿ ಹೊರಬರುವ ಮುಂಚೆಯೇ ಟ್ಯೂಬ್ ತುಂಬಿರಬೇಕು. ಎರಡು ಪಟ್ಟು ರಕ್ತ ಬದಲಾಯಿಸಿದರೆ ಕೂಸಿನ ಸ್ವಂತ ಕೆಂಪುಕಣಗಳಲ್ಲಿ ಶೇಕಡಾ 85ಕ್ಕೂ ಹೆಚ್ಚು ಹೋಗಿಬಿಡುತ್ತವೆ. ದಾನಿಯ ಕಣಗಳು 120 ದಿನದವರೆಗೂ ಬದುಕುತ್ತವೆ. ಮೂರು ನಾಲ್ಕು ತಿಂಗಳು ಗ್ಯಾಲ್ಟ್ ವರದಿ ‘ಸಹಜ’ ಎಂದೇ ಬರಬಹುದು, ಕಾಯಿಲೆ ಒಳಗೆ ಮುಂದುವರಿಯುತ್ತಲೇ ಇರಬಹುದು. ಬರೀ ಪ್ಲಾಸ್ಮಾ ಕೊಟ್ಟಿದ್ದರೆ ಕೆಂಪುಕಣದ ಕಿಣ್ವಕ್ಕೆ ಧಕ್ಕೆಯಿಲ್ಲ, ಆದರೂ ಫಾರಂನಲ್ಲಿ ಬರೆಯಿರಿ.

ಬೇರೆ ಊರಿನಿಂದ ರಾತ್ರಿ ಬಂದ ಕೂಸಾದರೆ ಕಳಿಸಿದ ಆಸ್ಪತ್ರೆಗೆ ಫೋನ್ ಮಾಡಿ, ರಕ್ತ ಕೊಟ್ಟಿದ್ದಾರೆಯೇ ಎಂದು ಕೇಳಿ. ರೆಫರಲ್ ಚೀಟಿಯಲ್ಲಿ ಅದು ಬಿಟ್ಟುಹೋಗುವುದು ಸಾಮಾನ್ಯ.

ಮೂತ್ರ ಮತ್ತು ಗ್ಲೂಕೋಮೀಟರ್: ಸುಳಿವಷ್ಟೇ

ರಕ್ತದ ವರದಿ ಬರಲು ದಿನಗಳು ಬೇಕು. ಅಷ್ಟರಲ್ಲಿ ಯಾವ ಸಣ್ಣ ಲ್ಯಾಬೂ ಮಾಡಬಹುದಾದ ಕೆಲಸ ಮೂತ್ರದ ಸಕ್ಕರೆಯನ್ನು ತೋರಿಸುವ ಬೆನೆಡಿಕ್ಟ್ ಪರೀಕ್ಷೆ. 5 ಮಿ.ಲೀ. ಬೆನೆಡಿಕ್ಟ್ ದ್ರಾವಣಕ್ಕೆ 8 ಹನಿ ತಾಜಾ ಮೂತ್ರ ಹಾಕಿ ಕುದಿಯುವ ನೀರಿನಲ್ಲಿ 5 ನಿಮಿಷ ಇಡಿ. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಎಂದು ಏರುತ್ತಾ ಹೋದಂತೆ ಸಕ್ಕರೆ ಹೆಚ್ಚು. ಅದೇ ಮೂತ್ರಕ್ಕೆ ಗ್ಲೂಕೋಸ್ ಪಟ್ಟಿ ಅದ್ದಿ. ಬೆನೆಡಿಕ್ಟ್ ಬಣ್ಣ ತಿರುಗಿದೆ, ಗ್ಲೂಕೋಸ್ ಪಟ್ಟಿ ತಿರುಗಿಲ್ಲ ಅಂದರೆ ಮೂತ್ರದಲ್ಲಿರುವುದು ಗ್ಲೂಕೋಸ್ ಅಲ್ಲದ ಸಕ್ಕರೆ. ಮೂತ್ರದ ಚೀಲದೊಳಗೆ ಮಲ ಸೇರಿದ್ದರೆ ಆ ಮಾದರಿ ಬೇಡ, ಮಲದಲ್ಲಿ ಉಳಿದ ಲ್ಯಾಕ್ಟೋಸೂ ಬಣ್ಣ ತಿರುಗಿಸುತ್ತದೆ. ಗಂಟೆಗಟ್ಟಲೆ ಹೊರಗಿಟ್ಟ ಮೂತ್ರವೂ ಬೇಡ, ಬ್ಯಾಕ್ಟೀರಿಯ ಸಕ್ಕರೆಯನ್ನು ತಿಂದು ಹಾಕಿರುತ್ತವೆ.

ಇದನ್ನು ನೆಚ್ಚಿ ಕೂರುವಂತಿಲ್ಲ. ಕೂಸಿಗೆ ಒಂದು ದಿನದಿಂದ ಹಾಲಿಲ್ಲದೆ ಬರೀ ಡ್ರಿಪ್ ನಡೆಯುತ್ತಿದ್ದರೆ ಕಾಯಿಲೆ ಇದ್ದೂ ಬಣ್ಣ ನೀಲಿಯಾಗೇ ಉಳಿಯಬಹುದು. ಸೆಫಲೋಸ್ಪೊರಿನ್ ಗುಂಪಿನ ಆ್ಯಂಟಿಬಯೋಟಿಕ್, ವಿಟಮಿನ್ ಸಿ ಇದ್ದರೆ ಕಾಯಿಲೆ ಇಲ್ಲದೆಯೂ ತಿರುಗಬಹುದು. ಬೇರೆ ಕಾರಣದಿಂದ ಯಕೃತ್ತು ಕೆಟ್ಟಿದ್ದರೂ ಗ್ಯಾಲಕ್ಟೋಸ್ ಮೂತ್ರಕ್ಕೆ ಇಳಿಯುತ್ತದೆ. ಇನ್ನೊಂದು ನಮ್ಮ ಕಡೆಯದು: ಹುಟ್ಟಿದ ತಕ್ಷಣ ಜೇನುತುಪ್ಪ ನೆಕ್ಕಿಸಿದ್ದೀರಾ ಎಂದು ಮನೆಯವರನ್ನು ಕೇಳಿ. ಜೇನಿನಲ್ಲಿ ಫ್ರಕ್ಟೋಸ್ ಇದೆ, ಅದೂ ಬೆನೆಡಿಕ್ಟ್ ಬಣ್ಣ ತಿರುಗಿಸುವ ಸಕ್ಕರೆಯೇ. ಜೋರು ಮಾಡಿ ಕೇಳಿದರೆ ‘ಏನೂ ಕೊಟ್ಟಿಲ್ರೀ’ ಅನ್ನುತ್ತಾರೆ. ‘ಬಜೆ ತೇಯ್ದು ಹಾಕಿದ್ರಾ ಅಜ್ಜಿ, ಜೇನು ಎಷ್ಟು ಸಲ ನೆಕ್ಸಿದ್ರಿ?’ ಎಂದು ಸಮಾಧಾನವಾಗಿ ಕೇಳಿದರೆ ನಿಜ ಹೊರಗೆ ಬರುತ್ತದೆ.

ಗ್ಲೂಕೋಮೀಟರಿನ ವಿಷಯ ಇದಕ್ಕಿಂತ ಅಪಾಯದ್ದು. ಈ ಕೂಸುಗಳಿಗೆ ಸಕ್ಕರೆ ಇಳಿಯುವ ಭಯ ಇರುತ್ತದೆ. ಜಿಡಿಎಚ್-ಪಿಕ್ಯೂಕ್ಯೂ ಎಂಬ ಕಿಣ್ವ ಬಳಸುವ ಪಟ್ಟಿಗಳು ಗ್ಯಾಲಕ್ಟೋಸನ್ನೂ ಗ್ಲೂಕೋಸ್ ಎಂದೇ ಎಣಿಸುತ್ತವೆ. ಇಂಥ ಪಟ್ಟಿಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಎಚ್ಚರಿಕೆ ಕೊಟ್ಟಿದೆ. ಮೀಟರು 90 ತೋರಿಸುತ್ತಿರುವಾಗ ನಿಜವಾದ ಗ್ಲೂಕೋಸ್ 30 ಇರಬಹುದು. ಪಟ್ಟಿಯ ಡಬ್ಬಿಯೊಳಗಿನ ಕಾಗದ ತೆಗೆದು ಯಾವ ಕಿಣ್ವ ಎಂದು ಓದಿ. ಗ್ಲೂಕೋಸ್ ಆಕ್ಸಿಡೇಸ್ ಎಂದಿದ್ದರೆ ಈ ತೊಂದರೆಯಿಲ್ಲ. ಅನುಮಾನವಿದ್ದರೆ ಲ್ಯಾಬಿನ ಗ್ಲೂಕೋಸ್ ಕಳಿಸಿ, ಮೀಟರಿನ ಅಂಕಿ ನಂಬಿ ಕೂರಬೇಡಿ.

ಟ್ಯೂಬಿನ ರಕ್ತ

ಯಾವ ಟ್ಯೂಬ್ ಎಂದು ಪರೀಕ್ಷೆ ಮಾಡುವ ಲ್ಯಾಬನ್ನೇ ಕೇಳಿ. ಅವರು ಒಪ್ಪುವುದೇ ಅಂತಿಮ. ಗ್ಯಾಲ್ಟ್ ಕಿಣ್ವದ ಪ್ರಮಾಣಕ್ಕೆ ಸಾಮಾನ್ಯವಾಗಿ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬ್, ಕೆಲವರು ಹೆಪಾರಿನ್ ಇರುವ ಹಸಿರು ಮುಚ್ಚಳದ್ದನ್ನು ಕೇಳುತ್ತಾರೆ; ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳು. ಪ್ರಮಾಣ 2 ಮಿ.ಲೀ. ಇದ್ದರೆ ಒಳ್ಳೆಯದು. ಮೂರು ಕೆಜಿ ಕೂಸಿನ ಒಟ್ಟು ರಕ್ತವೇ 250 ಮಿ.ಲೀ. ಆಸುಪಾಸು, ಬಿಲಿರುಬಿನ್, ಕಲ್ಚರ್, ರಕ್ತ ಹೆಪ್ಪುಗಟ್ಟುವ ಸಮಯ ಎಲ್ಲಕ್ಕೂ ತೆಗೆಯಬೇಕಾಗಿರುವುದರಿಂದ ಒಂದೇ ಚುಚ್ಚಿಗೆ ಎಲ್ಲ ಮುಗಿಯುವ ಹಾಗೆ ಟ್ಯೂಬುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಿ. ಕೂಸು ಉಪವಾಸ ಇರಬೇಕಿಲ್ಲ. ಗ್ಯಾಲ್ಟ್ ಹಾಲಿನಿಂದ ಏರಿಳಿಯುವುದಿಲ್ಲ.

ಸಿರಿಂಜಿನಲ್ಲಿ ಎಳೆದಿದ್ದರೆ ಸೂಜಿ ತೆಗೆದು, ಟ್ಯೂಬಿನ ಗೋಡೆಗೆ ತಾಗಿಸಿ ನಿಧಾನ ಬಿಡಿ. ಸಣ್ಣ ಸೂಜಿಯ ಮೂಲಕ ರಭಸವಾಗಿ ಒತ್ತಿದರೆ ಕೆಂಪುಕಣ ಒಡೆಯುತ್ತವೆ, ಕಿಣ್ವ ಪ್ಲಾಸ್ಮಾಕ್ಕೆ ಸೋರುತ್ತದೆ, ಲ್ಯಾಬ್ ಮಾದರಿಯನ್ನು ತಿರಸ್ಕರಿಸುತ್ತದೆ. ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ. ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿ. ಗೋಡೆಯಲ್ಲಿ ಹೆಪ್ಪಿನ ಎಳೆ ಕಂಡರೆ ಈಗಲೇ ಇನ್ನೊಂದು ತೆಗೆಯಿರಿ. ಮೂರು ದಿನ ಬಿಟ್ಟು ಬೆಂಗಳೂರಿನಿಂದ ‘ಹೆಪ್ಪುಗಟ್ಟಿದ ಮಾದರಿ’ ಎಂದು ಫೋನ್ ಬರುವ ಹೊತ್ತಿಗೆ ಕೂಸಿಗೆ ರಕ್ತ ಏರಿಸಿಯಾಗಿರುತ್ತದೆ.

ಸೆಂಟ್ರಿಫ್ಯೂಜಿಗೆ ಹಾಕಬೇಡಿ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಲ್ಯಾಬಿನವರ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಪ್ಲಾಸ್ಮಾ ಬೇರ್ಪಡಿಸಿ ಕೆಳಗಿನ ಕೆಂಪು ಭಾಗ ಚೆಲ್ಲಿದರೆ ಚೆಲ್ಲಿದ್ದು ಪರೀಕ್ಷೆಯನ್ನೇ. ಫ್ರೀಜರಿಗೂ ಬೇಡ, ಮಂಜುಗಟ್ಟಿ ಕರಗಿದರೆ ಕಣಗಳೆಲ್ಲ ಒಡೆಯುತ್ತವೆ. ಫ್ರಿಜ್ಜಿನ ಮಧ್ಯದ ಹಲಗೆಯಲ್ಲಿ, 2ರಿಂದ 8 ಡಿಗ್ರಿಯಲ್ಲಿ ನೇರವಾಗಿ ನಿಲ್ಲಿಸಿಡಿ. ಹಿಂದಿನ ಗೋಡೆಗೆ ಒತ್ತಿಟ್ಟರೆ ಹಳೆಯ ಫ್ರಿಜ್ಜುಗಳಲ್ಲಿ ಅಲ್ಲೇ ಮಂಜುಗಟ್ಟುತ್ತದೆ.

ಹೆಸರಿನ ಚೀಟಿಯಲ್ಲಿ ‘ಕಾವ್ಯ ಅವರ ಮಗು’ ಎಂದಷ್ಟೇ ಬರೆದರೆ ಸಾಲದು. ಒಂದೇ ವಾರ್ಡಿನಲ್ಲಿ ಇಬ್ಬರು ಕಾವ್ಯ ಇರುವುದು ದಿನದ ಮಾತು, ಅವಳಿ ಮಕ್ಕಳೂ ಇರುತ್ತಾರೆ. ತಾಯಿಯ ಹೆಸರು, ಆಸ್ಪತ್ರೆ ಸಂಖ್ಯೆ, ಹುಟ್ಟಿದ ದಿನ ಮತ್ತು ಗಂಟೆ, ರಕ್ತ ತೆಗೆದ ದಿನ ಮತ್ತು ಗಂಟೆ, ಅವಳಿಯಾದರೆ ಒಂದು ಅಥವಾ ಎರಡು. ಫಾರಂನಲ್ಲಿ ಇನ್ನೂ ನಾಲ್ಕು ಮಾತು: ಯಾವ ಹಾಲು ಕೊಡುತ್ತಿದ್ದಿರಿ, ಎಂದಿನಿಂದ ನಿಲ್ಲಿಸಿದಿರಿ, ರಕ್ತ ಕೊಟ್ಟಿದ್ದರೆ ಎಂದು, ಯಾವ ಔಷಧಿ ನಡೆಯುತ್ತಿದೆ. ಗ್ಯಾಲಕ್ಟೋಸ್-1-ಫಾಸ್ಫೇಟ್ ಕೂಡ ಬೇಕಿದ್ದರೆ ಅದಕ್ಕೆ ಬೇರೆ ಟ್ಯೂಬ್ ಬೇಕೇ, ತೆಗೆದ ಕೂಡಲೇ ಏನಾದರೂ ಮಾಡಬೇಕೇ ಎಂದು ಲ್ಯಾಬನ್ನು ಮೊದಲೇ ಕೇಳಿ.

ಜೊತೆಗೆ ಒಂದು ಕಂಟ್ರೋಲ್

ಇಷ್ಟೆಲ್ಲದರಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ಇಡಿ. ಕೂಸಿನ ಟ್ಯೂಬಿನ ಜೊತೆ ಆರೋಗ್ಯವಂತ ದೊಡ್ಡವರೊಬ್ಬರ ರಕ್ತವನ್ನು ಅದೇ ಹೊತ್ತಿಗೆ, ಅದೇ ಬಗೆಯ ಟ್ಯೂಬಿನಲ್ಲಿ, ಒಪ್ಪಿಗೆ ಕೇಳಿ ತೆಗೆದು, ಅದೇ ಡಬ್ಬಿಯಲ್ಲಿ ಕಳಿಸಿ. ‘ದಾರಿಯ ಕಂಟ್ರೋಲ್’ ಎಂದು ಚೀಟಿ ಅಂಟಿಸಿ. ಕೂಸಿನದು ಸೊನ್ನೆ, ಕಂಟ್ರೋಲ್ ಸಹಜ ಎಂದು ಬಂದರೆ ಕಾಯಿಲೆಯನ್ನು ನಂಬಬಹುದು. ಎರಡೂ ಕಡಿಮೆ ಬಂದರೆ ಡಬ್ಬಿ ದಾರಿಯಲ್ಲಿ ಬೆಂದಿದೆ, ಮತ್ತೆ ತೆಗೆಯಬೇಕು.

ಕಂಟ್ರೋಲಿಗೆ ಅಪ್ಪನ ರಕ್ತ ತೆಗೆಯುವುದು ಎಲ್ಲರೂ ಮಾಡುವ ತಪ್ಪು. ಪಕ್ಕದಲ್ಲೇ ನಿಂತಿರುತ್ತಾರೆ, ಕೈ ಚಾಚುತ್ತಾರೆ. ಆದರೆ ಕೂಸಿಗೆ ಕಾಯಿಲೆ ಇದ್ದರೆ ಅಪ್ಪ ಅಮ್ಮ ಇಬ್ಬರೂ ವಾಹಕರು, ಅವರ ಕಿಣ್ವವೇ ಸುಮಾರು ಅರ್ಧ. ಸೋದರಮಾವನೂ ಬೇಡ. ವಾರ್ಡಿನ ಸಿಬ್ಬಂದಿ ಯಾರಾದರೂ ಆಗಬಹುದು, ಈಚೆಗೆ ರಕ್ತ ಹಾಕಿಸಿಕೊಂಡವರಾಗಿರಬಾರದು ಅಷ್ಟೇ. ಅಪ್ಪ ಅಮ್ಮನ ರಕ್ತ ಬೇರೆಯೇ ಕೆಲಸಕ್ಕೆ ಬೇಕಾಗುತ್ತದೆ, ಮುಂದೆ ಹೇಳಿದೆ.

ಹಿಮ್ಮಡಿಯ ರಕ್ತ, ಒಣ ಕಾರ್ಡ್

ಹುಟ್ಟಿದ ಕೂಸುಗಳ ತಪಾಸಣೆಗೆ ಫಿಲ್ಟರ್ ಕಾಗದದ ಕಾರ್ಡ್ ಬಳಸುತ್ತಾರೆ; ವಾಟ್‌ಮನ್ 903 ಹೆಸರು ಬಹಳ ಜನಕ್ಕೆ ಗೊತ್ತು. ಸಾಮಾನ್ಯವಾಗಿ 48ರಿಂದ 72 ಗಂಟೆಯೊಳಗೆ, ಮನೆಗೆ ಕಳಿಸುವ ಮುಂಚೆ ತೆಗೆಯುತ್ತಾರೆ. ಕೂಸು ಆಗಲೇ ಕಾಯಿಲೆ ಬಿದ್ದಿದ್ದರೆ ಗಂಟೆ ಎಣಿಸುತ್ತಾ ಕೂರಬೇಡಿ.

ಹಿಮ್ಮಡಿಯನ್ನು ಬೆಚ್ಚನೆಯ ಒದ್ದೆ ಬಟ್ಟೆಯಿಂದ ಮೂರು ನಾಲ್ಕು ನಿಮಿಷ ಸುತ್ತಿ. ಬಟ್ಟೆ 42 ಡಿಗ್ರಿ ಮೀರಬಾರದು. ಕಾಲು ಎದೆಗಿಂತ ಕೆಳಗಿರಲಿ. ಶೇಕಡಾ 70 ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಆರಲು ಬಿಡಿ. ಹಸಿ ಆಲ್ಕೋಹಾಲ್ ಬೆರೆತರೆ ರಕ್ತ ತೆಳುವಾಗಿ ಚುಕ್ಕಿಯ ಸುತ್ತ ಬಿಳಿಚಿದ ಉಂಗುರ ಮೂಡುತ್ತದೆ. ಅಂಗಾಲಿನ ಹಿಮ್ಮಡಿ ಭಾಗದ ಒಳ ಅಂಚು ಇಲ್ಲವೇ ಹೊರ ಅಂಚಿನಲ್ಲಿ ಚುಚ್ಚಿ. ಹಿಮ್ಮಡಿಯ ಹಿಂದಿನ ಗುಂಡು ಭಾಗ ಬೇಡ, ಅಲ್ಲಿ ಮೂಳೆ ಚರ್ಮಕ್ಕೆ ಹತ್ತಿರ. ಲ್ಯಾನ್ಸೆಟ್ ಆಳ 2 ಮಿಲಿಮೀಟರ್ ದಾಟಬಾರದು. ಮೊದಲ ಹನಿಯನ್ನು ಒಣ ಗಾಜ್‌ನಿಂದ ಒರೆಸಿಬಿಡಿ. ಎರಡನೆಯದು ದಪ್ಪ ಹನಿಯಾಗಿ ತೂಗುವವರೆಗೆ ಕಾಯಿರಿ. ಕಾರ್ಡನ್ನು ಆ ಹನಿಗೆ ತಾಗಿಸಿ, ಚರ್ಮಕ್ಕೆ ಒತ್ತಬೇಡಿ. ಒಂದೇ ಹನಿ ವೃತ್ತವನ್ನು ತುಂಬಿ ಹಿಂದಕ್ಕೂ ಇಳಿಯಬೇಕು. ತಿರುಗಿಸಿ ನೋಡಿ, ಹಿಂಭಾಗವೂ ಮುಂಭಾಗದಷ್ಟೇ ಕೆಂಪಾಗಿದ್ದರೆ ಸರಿ. ಸಾಲಲಿಲ್ಲ ಎಂದು ಅದೇ ವೃತ್ತದ ಮೇಲೆ ಇನ್ನೊಂದು ಹನಿ ಹಾಕಬೇಡಿ, ಹಿಂದಿನಿಂದಲೂ ಹಾಕಬೇಡಿ. ಮುಂದಿನ ವೃತ್ತಕ್ಕೆ ಹೋಗಿ. ಹಿಮ್ಮಡಿಯನ್ನು ನಿಂಬೆಹಣ್ಣಿನ ಹಾಗೆ ಹಿಂಡಿದರೆ ಬರುವುದು ಅರ್ಧ ರಕ್ತ, ಅರ್ಧ ನೀರು.

ಕಾರ್ಡನ್ನು ಎರಡೂ ಬದಿಗೆ ಗಾಳಿಯಾಡುವಂತೆ ಅಡ್ಡಲಾಗಿ ಇಟ್ಟು ಕನಿಷ್ಠ 3 ಗಂಟೆ ಒಣಗಿಸಿ. ಇಲ್ಲೇ ಅವಸರಕ್ಕೆ ಬೀಳುತ್ತಾರೆ. ಐಸಿಯುವಿನಲ್ಲಿ ಬೇಬಿ ವಾರ್ಮರ್ ಕೈಗೆ ಸಿಗುವಂತಿರುತ್ತದೆ, ಅದರ ಅಂಚಿನಲ್ಲಿ ಕಾರ್ಡ್ ಇಡುತ್ತಾರೆ. ರಕ್ತ ಹತ್ತು ನಿಮಿಷಕ್ಕೆ ಒಣಗುತ್ತದೆ, ಕಿಣ್ವವೂ ಬೇಯುತ್ತದೆ. ಕಿಟಕಿಯ ಬಿಸಿಲು, ಹೇರ್ ಡ್ರೈಯರ್, ಫ್ಯಾನಿನ ನೇರ ಗಾಳಿ ಯಾವುದೂ ಬೇಡ. ಏಪ್ರಿಲ್‌ನಲ್ಲಿ ಹೊರಗೆ 38, 40 ಡಿಗ್ರಿ ಇರುವಾಗ ಎ.ಸಿ. ಇರುವ ಕೋಣೆ ಯಾವುದಿದೆಯೋ ಅಲ್ಲಿ ಒಣಗಿಸಿ. ಎಷ್ಟೋ ಕಡೆ ಅದು ಆಪರೇಷನ್ ಥಿಯೇಟರ್ ಪಕ್ಕದ ಕೋಣೆ ಒಂದೇ. ಒಣಗಿದ ರಕ್ತ ಕಡು ಕಂದು ಬಣ್ಣಕ್ಕೆ ತಿರುಗಿರಬೇಕು. ಒಂದರ ಮೇಲೊಂದು ಕಾರ್ಡ್ ಪೇರಿಸಬೇಡಿ, ಒಬ್ಬರ ರಕ್ತ ಇನ್ನೊಬ್ಬರ ಕಾರ್ಡಿಗೆ ಅಂಟುತ್ತದೆ. ಆಮೇಲೆ ತೇವ ಹೀರುವ ಪೊಟ್ಟಣದ ಜೊತೆ ಜಿಪ್ ಕವರಿಗೆ ಹಾಕಿ, 24 ಗಂಟೆಯೊಳಗೆ ಕಳಿಸಿ.

ಕಾರ್ಡಿನ ಶತ್ರು ಬಿಸಿಯಷ್ಟೇ ಅಲ್ಲ, ಬಿಸಿ ಮತ್ತು ತೇವ ಎರಡೂ ಕೂಡಿದಾಗ. ಮಳೆ ಶುರುವಾದ ಮೇಲಿನ ಬೆಚ್ಚನೆಯ ಜಿಗುಟು ದಿನಗಳಲ್ಲಿ ಕವರಿನೊಳಗಿನ ಪೊಟ್ಟಣದ ಬಣ್ಣ ಬದಲಾಗಿದೆಯೇ ನೋಡಿ, ಹಳೆಯದಾಗಿದ್ದರೆ ಎಸೆದು ಹೊಸದು ಹಾಕಿ. ಟ್ಯೂಬಿನ ರಕ್ತ ಫ್ರಿಜ್ಜಿನ ತಂಪಿನಲ್ಲಿ ಕೆಲವು ದಿನ ತಡೆಯುತ್ತದೆ. ತೇವ ಹಿಡಿದ ಕಾರ್ಡ್ ತಡೆಯುವುದಿಲ್ಲ. ಆದ್ದರಿಂದ ಕಾಯಿಲೆಯ ಅನುಮಾನ ಗಟ್ಟಿಯಾಗಿದ್ದರೆ ಕಾರ್ಡಿಗಿಂತ ಟ್ಯೂಬೇ ಮೇಲು.

ಡಬ್ಬಿ ಕಟ್ಟುವುದು

ಶುಕ್ರವಾರ ಸಂಜೆ ರಕ್ತ ತೆಗೆದರೆ ಶನಿವಾರ ಮುಟ್ಟಿ, ಭಾನುವಾರ ಯಾರದೋ ಕೌಂಟರಿನಲ್ಲಿ ಬಿದ್ದಿರುತ್ತದೆ. ರಕ್ತ ತೆಗೆಯುವುದನ್ನು ಮುಂದೂಡಬೇಡಿ. ತೆಗೆದು ಫ್ರಿಜ್ಜಿನಲ್ಲಿಟ್ಟು, ಲ್ಯಾಬ್ ಯಾವ ದಿನ ಸ್ವೀಕರಿಸುತ್ತದೆ ಎಂದು ಕೇಳಿ, ಆ ಲೆಕ್ಕಕ್ಕೆ ಕಳಿಸಿ.

ಟ್ಯೂಬಿನ ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ. ಹೀರುವ ಹತ್ತಿಯಲ್ಲಿ ಸುತ್ತಿ ಸೋರದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಅದನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಜೆಲ್ ಪ್ಯಾಕುಗಳ ನಡುವೆ ಇಡಿ. ಫ್ರೀಜರಿನಿಂದ ತೆಗೆದ ಜೆಲ್ ಪ್ಯಾಕ್ ಟ್ಯೂಬಿಗೆ ನೇರ ತಾಗಿದರೆ ಆ ಬದಿಯ ರಕ್ತ ಮಂಜುಗಟ್ಟಿ ಕಣಗಳು ಒಡೆಯುತ್ತವೆ. ಹತ್ತು ನಿಮಿಷ ಹೊರಗಿಟ್ಟು, ಮೇಲೆ ಬೆವರು ಕೂರಲು ಶುರುವಾದ ಮೇಲೆ, ನಡುವೆ ನಾಲ್ಕು ಪದರ ಸುದ್ದಿಪತ್ರಿಕೆ ಹಾಕಿ ಜೋಡಿಸಿ. ಬರೀ ಐಸ್ ಕ್ಯೂಬ್ ಬೇಡ, ಕರಗಿದ ನೀರು ಚೀಟಿಯನ್ನು ಅಳಿಸುತ್ತದೆ. ಒಣ ಐಸ್ ಅಂತೂ ಬೇಡವೇ ಬೇಡ. ಕನಿಷ್ಠ, ಗರಿಷ್ಠ ತಾಪ ನೆನಪಿಟ್ಟುಕೊಳ್ಳುವ ಸಣ್ಣ ಥರ್ಮಾಮೀಟರ್ ಒಂದನ್ನು ಜೊತೆಗಿಟ್ಟರೆ ಜಗಳವೇ ಇರುವುದಿಲ್ಲ. ಒಣ ಕಾರ್ಡನ್ನು ಈ ತಂಪಿನ ಪೆಟ್ಟಿಗೆಯಲ್ಲಿ ಹಾಕಬೇಡಿ, ತೇವ ಹಿಡಿಯುತ್ತದೆ. ಬೇರೆ ಲಕೋಟೆಯಲ್ಲಿ ಕಳಿಸಿ.

ಚಳ್ಳಕೆರೆಯಿಂದ ಹೊರಟ ಪೆಟ್ಟಿಗೆ ಚಿತ್ರದುರ್ಗದಲ್ಲಿ ಇನ್ನೊಬ್ಬರ ಕೈಗೆ ಬದಲಾಗುವ ಎರಡು ಗಂಟೆಯೇ ಎಲ್ಲಕ್ಕಿಂತ ಕೆಟ್ಟದ್ದು. ಹೆದ್ದಾರಿ 48ರಲ್ಲಿ ಓಡುವ ಗಾಡಿಗಿಂತ ಬಿಸಿಲಲ್ಲಿ ನಿಂತ ಗಾಡಿ ಹೆಚ್ಚು ಬಿಸಿ. ಬೇಸಿಗೆಯಲ್ಲಿ ಸಂಜೆ ಕಳಿಸಿ, ಬೆಳಗ್ಗೆ ಲ್ಯಾಬ್ ಬಾಗಿಲು ತೆರೆಯುವ ಹೊತ್ತಿಗೆ ಮುಟ್ಟುವಂತೆ ಮಾಡಿ.

ಲ್ಯಾಬಿನೊಳಗೆ ಏನಾಗುತ್ತದೆ

ಗ್ಯಾಲ್ಟ್ ಕೊರತೆಯೇ ಕಾಯಿಲೆಯ ಮೂಲ ಎಂದು 1956ರಲ್ಲಿ ತಿಳಿಯಿತು. ಹತ್ತು ವರ್ಷದ ನಂತರ ಬ್ಯೂಟ್ಲರ್ ಮತ್ತು ಬಲೂಡ ಒಂದು ಸರಳ ಚುಕ್ಕಿ ಪರೀಕ್ಷೆ ಕಟ್ಟಿದರು, ಅದರ ತರ್ಕ ಇಂದಿಗೂ ಬಳಕೆಯಲ್ಲಿದೆ. ರಕ್ತಕ್ಕೆ ಗ್ಯಾಲಕ್ಟೋಸ್-1-ಫಾಸ್ಫೇಟ್, ಯುಡಿಪಿ-ಗ್ಲೂಕೋಸ್, ಎನ್‌ಎಡಿಪಿ, ಕಣ ಒಡೆಯಲು ಡಿಜಿಟೋನಿನ್ ಇರುವ ದ್ರಾವಣ ಸೇರಿಸಿ 37 ಡಿಗ್ರಿಯಲ್ಲಿ ಇಡುತ್ತಾರೆ. ಗ್ಯಾಲ್ಟ್ ಇದ್ದರೆ ಅದು ಗ್ಲೂಕೋಸ್-1-ಫಾಸ್ಫೇಟ್ ಮಾಡುತ್ತದೆ. ರಕ್ತಕಣದಲ್ಲೇ ಇರುವ ಬೇರೆ ಕಿಣ್ವಗಳು ಅದನ್ನು ಮುಂದಕ್ಕೆ ಕೊಂಡೊಯ್ದು ಎನ್‌ಎಡಿಪಿಯನ್ನು ಎನ್‌ಎಡಿಪಿಎಚ್ ಮಾಡುತ್ತವೆ. ಎನ್‌ಎಡಿಪಿಎಚ್ 365 ನ್ಯಾನೋಮೀಟರಿನ ಯುವಿ ಬೆಳಕಿನಲ್ಲಿ ಹೊಳೆಯುತ್ತದೆ. ಶುರುವಿನಲ್ಲಿ, ಒಂದು ಗಂಟೆಗೆ, ಎರಡು ಗಂಟೆಗೆ ಕಾಗದದ ಮೇಲೆ ಚುಕ್ಕಿ ಇಟ್ಟು, ಒಣಗಿಸಿ, ಕತ್ತಲೆ ಕೋಣೆಯಲ್ಲಿ ನೋಡುತ್ತಾರೆ. ಸಹಜ ರಕ್ತ ನೀಲಿಯಾಗಿ ಬೆಳಗುತ್ತದೆ, ಕಾಯಿಲೆಯದು ಕಪ್ಪಾಗೇ ಇರುತ್ತದೆ.

ಆ ‘ಬೇರೆ ಕಿಣ್ವ’ಗಳಲ್ಲಿ ಒಂದು ಜಿ6ಪಿಡಿ. ಕೂಸಿಗೆ ಜಿ6ಪಿಡಿ ಕೊರತೆ ಇದ್ದರೆ ಗ್ಯಾಲ್ಟ್ ಸರಿಯಿದ್ದೂ ಚುಕ್ಕಿ ಬೆಳಗುವುದಿಲ್ಲ. ಜಿ6ಪಿಡಿ ಕೊರತೆಯೂ ಹುಟ್ಟಿದ ಮೊದಲ ವಾರದ ಕಾಮಾಲೆಗೆ ಕಾರಣವಾಗುವುದರಿಂದ ಇವೆರಡೂ ಗೊಂದಲಕ್ಕೀಡುಮಾಡುವುದು ಸಹಜ. ಚುಕ್ಕಿ ಪರೀಕ್ಷೆ ಕಪ್ಪು ಬಂದರೆ ಜಿ6ಪಿಡಿಯನ್ನೂ ನೋಡಿ, ಗ್ಯಾಲ್ಟ್ ಪ್ರಮಾಣವನ್ನು ಅಂಕಿಯಲ್ಲಿ ಅಳೆಯುವ ಪರೀಕ್ಷೆಯನ್ನೂ ಮಾಡಿಸಿ.

ವರದಿ ಓದುವುದು

ಕಿಣ್ವದ ಅಂಕಿ ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ ಗಂಟೆಗೆ ಇಷ್ಟು ಮೈಕ್ರೋಮೋಲ್ ಎಂದು ಬರುತ್ತದೆ. ಸಹಜ ವ್ಯಾಪ್ತಿ ಲ್ಯಾಬಿನಿಂದ ಲ್ಯಾಬಿಗೆ ಬೇರೆ, ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ವ್ಯಾಪ್ತಿಗೆ ಹಿಡಿದು ನೋಡಬೇಡಿ. ಶೇಕಡಾ ಲೆಕ್ಕಕ್ಕೆ ತಂದುಕೊಂಡರೆ ತಿಳಿಯುವುದು ಸುಲಭ. ಸಹಜದ ಶೇಕಡಾ 1ಕ್ಕಿಂತ ಕಡಿಮೆ ಅಂದರೆ ಪೂರ್ಣ ರೂಪದ ಗ್ಯಾಲಕ್ಟೋಸೀಮಿಯ. ಶೇಕಡಾ 25ರ ಆಸುಪಾಸು ಡುವಾರ್ಟೆ ಎಂಬ ಸೌಮ್ಯ ರೂಪ, ಇದರಲ್ಲಿ ಕೂಸು ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಶೇಕಡಾ 50 ವಾಹಕ, ಕಾಯಿಲೆಯಲ್ಲ.

ಕೆಂಪುಕಣದ ಗ್ಯಾಲಕ್ಟೋಸ್-1-ಫಾಸ್ಫೇಟ್ ಸಹಜವಾಗಿ 1 ಮಿ.ಗ್ರಾಂ/ಡೆ.ಲೀ.ಗಿಂತ ಕಡಿಮೆ. ಹಾಲು ಕುಡಿಯುತ್ತಿರುವ ಕಾಯಿಲೆಯ ಕೂಸಿನಲ್ಲಿ 10 ದಾಟುವುದು ಸಾಮಾನ್ಯ. ಹಾಲು ನಿಲ್ಲಿಸಿದ ಮೇಲೆ ಅದು ವಾರಗಳಲ್ಲಿ ಇಳಿಯುತ್ತದೆ, ಆದರೆ ಸೊನ್ನೆಗೆ ಬರುವುದಿಲ್ಲ. ದೇಹ ತಾನೇ ಸ್ವಲ್ಪ ಗ್ಯಾಲಕ್ಟೋಸ್ ತಯಾರಿಸುತ್ತದೆ. ವರ್ಷದ ನಂತರವೂ ಅಂಕಿ ಸ್ವಲ್ಪ ಹೆಚ್ಚಿದೆ ಎಂದು ಕದ್ದು ಹಾಲು ಕುಡಿಸಿದಿರಾ ಎಂದು ತಾಯಿಯನ್ನು ಗದರುವುದು ಅನ್ಯಾಯ.

ಒಟ್ಟು ಗ್ಯಾಲಕ್ಟೋಸ್ ಹೆಚ್ಚಿದ್ದು ಗ್ಯಾಲ್ಟ್ ಸಹಜವಿದ್ದರೆ ಪಕ್ಕದ ಕಿಣ್ವಗಳನ್ನು ನೋಡಬೇಕು. ಗ್ಯಾಲಕ್ಟೋಕೈನೇಸ್ ಕೊರತೆಯಲ್ಲಿ ಯಕೃತ್ತು ಕೆಡುವುದಿಲ್ಲ, ಕಣ್ಣಿನ ಪೊರೆಯೇ ಮುಖ್ಯ ತೊಂದರೆ.

ಜೀನ್ ಪರೀಕ್ಷೆಗೆ ಬರೆಯುವಾಗ ಒಂದು ಎಚ್ಚರ. ಯುರೋಪಿನವರಲ್ಲಿ ಬಹುಪಾಲು ಕಾಣುವ ಕ್ಯೂ188ಆರ್ ಬದಲಾವಣೆ ಭಾರತದ ರೋಗಿಗಳಲ್ಲಿ ಅಷ್ಟು ಸಾಮಾನ್ಯವಲ್ಲ. ನಾಲ್ಕೈದು ಬದಲಾವಣೆ ಮಾತ್ರ ಹುಡುಕುವ ಅಗ್ಗದ ಪರೀಕ್ಷೆ ‘ಸಿಗಲಿಲ್ಲ’ ಎಂದರೆ ಕಾಯಿಲೆ ಇಲ್ಲ ಎಂದರ್ಥವಲ್ಲ. ಇಡೀ ಗ್ಯಾಲ್ಟ್ ಜೀನ್ ಓದಿಸಿ.

ರಕ್ತ ಕೊಟ್ಟಾದ ಮೇಲೆ ಅನುಮಾನ ಬಂದಿದ್ದರೆ ಅಪ್ಪ ಅಮ್ಮನ ಗ್ಯಾಲ್ಟ್ ಅಳೆಯಿರಿ. ಇಬ್ಬರದೂ ಅರ್ಧದ ಆಸುಪಾಸು ಬಂದರೆ ಅನುಮಾನ ಬಲವಾಯಿತು. ಕೂಸಿನ ಮೂತ್ರದ ಗ್ಯಾಲಕ್ಟಿಟಾಲ್ ಮತ್ತು ಜೀನ್ ಪರೀಕ್ಷೆ ಜೊತೆಗೆ ಹೋಗಲಿ. ನಾಲ್ಕು ತಿಂಗಳು ಕಾಯುತ್ತಾ ಹಾಲು ಕುಡಿಸಬೇಡಿ.

ವರದಿ ಬರುವವರೆಗೆ ಹಾಲು

‘ತಾಯಿ ಹಾಲೇ ವಿಷ ಅಂತೀರೇನ್ರೀ?’ ಎಂದು ಅಜ್ಜಿ ಕೇಳಿಯೇ ಕೇಳುತ್ತಾರೆ. ‘ಹಾಲಿನಲ್ಲಿ ದೋಷ ಇಲ್ಲ ಅಜ್ಜಿ, ಕೂಸಿಗೆ ಅದನ್ನ ಅರಗಿಸೋ ಶಕ್ತಿ ಇದೆಯಾ ಅಂತ ನೋಡ್ತಿದೀವಿ, ವರದಿ ಬರೋವರೆಗೆ ಅಷ್ಟೇ’ ಎಂದರೆ ಸಾಕು. ಬಾಣಂತಿ ದಿನಕ್ಕೆ ಏಳೆಂಟು ಸಲ ಹಾಲು ಹಿಂಡಿ ತೆಗೆಯುತ್ತಿರಲಿ. ವರದಿ ಸಹಜ ಬಂದರೆ ಮರುದಿನವೇ ಎದೆಗೆ ಹಾಕಬಹುದು. ಹಿಂಡದೆ ಬಿಟ್ಟರೆ ಅಷ್ಟರಲ್ಲಿ ಹಾಲೇ ಬತ್ತಿರುತ್ತದೆ.

ಬದಲಿಗೆ ಸೋಯಾ ಪುಡಿ ಹಾಲು. ಅಂಗಡಿಯವರು ಕೊಡುವ ‘ಲ್ಯಾಕ್ಟೋಸ್ ರಹಿತ’ ಹಸುವಿನ ಹಾಲಿನ ಪೊಟ್ಟಣ ಆಗದು: ಅದರಲ್ಲಿ ಲ್ಯಾಕ್ಟೋಸನ್ನು ಕಿಣ್ವ ಹಾಕಿ ಮೊದಲೇ ಒಡೆದಿರುತ್ತಾರೆ, ಗ್ಯಾಲಕ್ಟೋಸ್ ಹಾಗೇ ಉಳಿದಿರುತ್ತದೆ. ಬೇಧಿಗೆ ಕೊಡುವ ಪುಡಿ, ಮಾತ್ರೆ ಪುಡಿ ಮಾಡಿ ಕೊಡುವ ಔಷಧಿಗಳ ಪಟ್ಟಿಯಲ್ಲಿ ಲ್ಯಾಕ್ಟೋಸ್ ಇದೆಯೇ ಓದಿ.

ಮುಂದಿನ ಬಸುರಿಗೆ ಪ್ರತಿ ಸಲವೂ ನಾಲ್ಕರಲ್ಲಿ ಒಂದು ಸಾಧ್ಯತೆ. ಸೋದರಮಾವ, ಅತ್ತೆಯ ಮಕ್ಕಳ ನಡುವೆ ಮದುವೆಯಾದ ಮನೆಗಳಲ್ಲಿ ದೊಡ್ಡಮ್ಮ, ಚಿಕ್ಕಮ್ಮಂದಿರ ಮಕ್ಕಳ ವಿಚಾರವನ್ನೂ ಕೇಳಿ. ‘ಕಾಮಾಲೆಯಾಗಿ ಹತ್ತನೇ ದಿನಕ್ಕೆ ಹೋಯ್ತು’ ಎಂಬ ಮಾತು ಅಲ್ಲಿ ಸಿಗಬಹುದು. ಜೀನ್ ಬದಲಾವಣೆ ಗೊತ್ತಿದ್ದರೆ ಬಸುರಿನಲ್ಲೇ ಪರೀಕ್ಷೆ ಸಾಧ್ಯ. ಬೇಡ ಎಂದರೆ ಹುಟ್ಟಿದ ಕೂಡಲೇ ರಕ್ತ ತೆಗೆದು, ವರದಿ ಬರುವವರೆಗೆ ಸೋಯಾ ಕೊಡುವುದು. ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಹೀಗೆ ಬರೆದುಕೊಡಿ: ‘ಹಿಂದಿನ ಕೂಸಿಗೆ ಗ್ಯಾಲಕ್ಟೋಸೀಮಿಯ. ಹಾಲು ಕೊಡುವ ಮುಂಚೆ ನೇರಳೆ ಟ್ಯೂಬಿಗೆ 2 ಮಿ.ಲೀ. ರಕ್ತ, ಫ್ರಿಜ್ಜಿನಲ್ಲಿಡಿ.’ ನೋವು ನಡುರಾತ್ರಿ ಬಂದು, ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾದರೂ ಡ್ಯೂಟಿಯಲ್ಲಿರುವ ಸಿಸ್ಟರ್ ಮೊದಲು ತೆರೆಯುವುದು ಆ ಪುಟವನ್ನೇ.